ಒಂದೇ ಕಸುಬು, ಮೂರು ಹೆಸರು: ವಾಕರ್ ಹುಡುಕಿಕೊಂಡು ಇಂಗ್ಲೆಂಡ್ ಸುತ್ತಿದ್ದು

ಜಾನಿ ವಾಕರ್ ಬಾಟಲಿ ಮೇಲೆ ಟೋಪಿ ಹಾಕಿಕೊಂಡು, ಕೋಲು ಹಿಡಿದು, ಬೂಟು ಮೆಟ್ಟಿ ಬಿರಬಿರನೆ ನಡೆಯುವವನು ಗೊತ್ತಲ್ವಾ? ಕುಡಿಯದವರಿಗೂ ಗೊತ್ತು. ಜಾನ್ ವಾಕರ್ ಅನ್ನುವವನು ಸ್ಕಾಟ್ಲೆಂಡಿನ ಕಿಲ್ಮಾರ್ನಾಕ್‌ನಲ್ಲಿ ಕಿರಾಣಿ ಅಂಗಡಿ ಇಟ್ಟದ್ದು 1820ರಲ್ಲಿ. ಆ ನಡೆಯುವ ಚಿತ್ರ ಬಂದದ್ದು 1908ರಲ್ಲಿ, ಬರೆದವನು ಟಾಮ್ ಬ್ರೌನ್ ಎಂಬ ವ್ಯಂಗ್ಯಚಿತ್ರಕಾರ. ವಾಕರ್ ಅಂದರೆ ನಡೆಯುವವನು, ಅದರಲ್ಲೇನಿದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ಈ ಹೆಸರು ಹುಟ್ಟಿದ ಕಾಲದ ವಾಕರ್ ಎಲ್ಲಿಗೂ ಹೋಗುತ್ತಿರಲಿಲ್ಲ. ಕಾಲಲ್ಲಿ ಬೂಟೂ ಇರಲಿಲ್ಲ. ಬಟ್ಟೆ ಮೊಣಕಾಲ ಮೇಲಕ್ಕೆ ಎತ್ತಿ ಕಟ್ಟಿಕೊಂಡು, ತೊಟ್ಟಿಯೊಳಗೆ ಇಳಿದು, ಹಳಸಿದ ಉಚ್ಚೆಯಲ್ಲಿ ನೆನೆದ ಉಣ್ಣೆ ಬಟ್ಟೆಯನ್ನು ನಿಂತಲ್ಲೇ ತುಳಿಯುತ್ತಿದ್ದ. ಬೆಳಗಿಂದ ಸಂಜೆವರೆಗೆ.

ಯಾಕೆ ತುಳಿಯಬೇಕು? ಮಗ್ಗದಿಂದ ಇಳಿದ ಉಣ್ಣೆ ಬಟ್ಟೆ ಜಾಳುಜಾಳಾಗಿರುತ್ತದೆ. ಕುರಿಯ ಜಿಡ್ಡು, ನೂಲುವಾಗ ಹಚ್ಚಿದ ಎಣ್ಣೆ ಎಲ್ಲಾ ಅದರಲ್ಲೇ ಇರುತ್ತದೆ. ಉಚ್ಚೆಯನ್ನು ಸ್ವಲ್ಪ ದಿನ ಇಟ್ಟರೆ ಅಮೋನಿಯಾ ಆಗುತ್ತದೆ, ಅದು ಜಿಡ್ಡನ್ನು ಬಿಡಿಸುತ್ತದೆ. ತುಳಿದೂ ತುಳಿದೂ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಬಟ್ಟೆ ಕುಗ್ಗಿ ದಪ್ಪಗಾಗುತ್ತದೆ. ಆಗಲೇ ಅದು ಗಾಳಿ ಮಳೆ ತಡೆಯುವ ಬಟ್ಟೆ. ಈ ಕೆಲಸ ಮಾಡುವವನನ್ನು ಇಂಗ್ಲೆಂಡಿನ ಉತ್ತರ ಮತ್ತು ನಡುನಾಡಿನ ಕಡೆ ವಾಕರ್ ಅಂದರು, ಆಗ್ನೇಯದ ಕಡೆ ಫುಲ್ಲರ್ ಅಂದರು, ನೈರುತ್ಯದಲ್ಲಿ, ಅಂದರೆ ಡೆವನ್, ಸಾಮರ್‌ಸೆಟ್, ಕಾರ್ನ್‌ವಾಲ್ ಕಡೆ, ಟಕ್ಕರ್ ಅಂದರು. ಮೂರೂ ಇವತ್ತು ಮನೆತನದ ಹೆಸರುಗಳು. 1881ರ ಜನಗಣತಿಯ ಹೆಸರುಗಳನ್ನು ನಕ್ಷೆ ಮೇಲೆ ಹಾಕಿ ನೋಡಿದರೆ ಈ ಹಂಚಿಕೆ ಈಗಲೂ ಕಾಣುತ್ತದೆ. ಊರು ಬಿಟ್ಟು ಲಂಡನ್ ಸೇರಿದವರು, ರೈಲು, ಕಾರ್ಖಾನೆ, ಎಲ್ಲ ಆದಮೇಲೂ ಡೆವನ್ ಟಕ್ಕರ್‌ಗಳಿಂದ ತುಂಬಿತ್ತು.

ರೀಡಿಂಗ್‌ನಲ್ಲಿರುವ ಅಕ್ಕನ ಮನೆಗೆ ಹೋದಾಗ ಈ ನಕ್ಷೆ ನನ್ನ ತಲೆ ತಿನ್ನುತ್ತಿತ್ತು. ಅಕ್ಕನ ಮಗಳ ತರಗತಿಯಲ್ಲಿ ಒಬ್ಬ ವಾಕರ್, ಒಬ್ಬಳು ಟಕ್ಕರ್ ಇದ್ದಾರಂತೆ. ಇಬ್ಬರ ಹಿರಿಯರದ್ದೂ ಒಂದೇ ಕೆಲಸ ಕಣೇ, ಉಚ್ಚೆ ತುಳಿಯೋದು ಅಂದೆ. ಅವಳಿಗೆ ಅದಕ್ಕಿಂತ ಖುಷಿಯ ಸುದ್ದಿ ಬೇರೆ ಇರಲಿಲ್ಲ. ಭಾವ ಮಾತ್ರ, "ಜನ ಇಲ್ಲಿಗೆ ಬಂದು ಲಂಡನ್ ಬ್ರಿಡ್ಜ್ ನೋಡ್ತಾರೆ, ನೀನು ಅಡ್ಡಹೆಸರು ನೋಡ್ತೀನಿ ಅಂತೀಯಲ್ಲಪ್ಪಾ" ಅಂತ ಗೊಣಗಿದರು. ಗೊಣಗುತ್ತಲೇ ಕಾರಿನ ಕೀ ತೆಗೆದುಕೊಂಡರು. ಭಾವ ಚಳ್ಳಕೆರೆ ಕಡೆಯವರು. ಕಂಬಳಿ ನೇಯುವುದನ್ನು ಕಣ್ಣಾರೆ ಕಂಡು ಬೆಳೆದವರು. ಅವರ ಕಡೆ ಬಟ್ಟೆ ಬಿಗಿಯಾಗಲಿ ಅಂತ ಹುಣಸೆ ಬೀಜದ ಗಂಜಿ ಹಾಕುತ್ತಾರೆ, ಉಚ್ಚೆಯ ಗೊಡವೆ ಇಲ್ಲ ಅಂತ ದಾರಿಯುದ್ದಕ್ಕೂ ಹೇಳಿಕೊಂಡೇ ಬಂದರು.

ಮೊದಲು ಫುಲ್ಲರ್ ಸೀಮೆ. ಸಸೆಕ್ಸ್‌ನ ಬ್ರೈಟ್ಲಿಂಗ್ ಅನ್ನುವ ಪುಟ್ಟ ಊರು. ಸರ್ರೆ ದಾಟುವಾಗ ರೆಡ್‌ಹಿಲ್, ನಟ್‌ಫೀಲ್ಡ್ ಅನ್ನುವ ಬೋರ್ಡುಗಳು ಬಂದವು. ಅಲ್ಲಿನ ನೆಲದಲ್ಲಿ ಒಂದು ಜೇಡಿ ಸಿಗುತ್ತಿತ್ತು, ಹೆಸರು ಫುಲ್ಲರ್ಸ್ ಅರ್ತ್. ಜಿಡ್ಡು ಹೀರುವ ಮಣ್ಣು. ಬಟ್ಟೆ ತುಳಿಯುವವರಿಗೆ ಉಚ್ಚೆಯ ಜೊತೆ ಇದೂ ಬೇಕಿತ್ತು. ಇದು ಎಷ್ಟು ಬೆಲೆಯದಾಗಿತ್ತು ಅಂದರೆ ಒಂದು ಕಾಲದಲ್ಲಿ ಹೊರದೇಶಕ್ಕೆ ಸಾಗಿಸಬಾರದು ಅಂತ ಸರ್ಕಾರವೇ ನಿಷೇಧ ಹಾಕಿತ್ತು, ಬೇರೆಯವರ ಬಟ್ಟೆ ನಮ್ಮದಕ್ಕಿಂತ ಚೆನ್ನಾಗಿ ಆಗಿಬಿಟ್ಟರೆ ಅಂತ ಭಯ. ಅಕ್ಕ ಹಿಂದಿನ ಸೀಟಿನಿಂದ, "ಅದೇ ಕಣೋ ಮುಲ್ತಾನಿ ಮಿಟ್ಟಿ, ನಾನು ಮುಖಕ್ಕೆ ಹಚ್ಚೋದು" ಅಂದಳು. ಹೌದು, ಅದೇ. ಮುಖದ ಎಣ್ಣೆ ತೆಗೆಯುವ ಕೆಲಸವೂ ಅದೇ, ಬಟ್ಟೆಯ ಎಣ್ಣೆ ತೆಗೆಯುವ ಕೆಲಸವೂ ಅದೇ.

ಬ್ರೈಟ್ಲಿಂಗ್ ಚರ್ಚಿನ ಅಂಗಳದಲ್ಲಿ ಗೋರಿಗಳ ನಡುವೆ ಒಂದು ಪಿರಮಿಡ್ ಇದೆ. ನಿಜವಾದ ಕಲ್ಲಿನ ಪಿರಮಿಡ್, ಸುಮಾರು 25 ಅಡಿ ಎತ್ತರ. ಅದರೊಳಗೆ ಇರುವವನು ಜಾನ್ ಫುಲ್ಲರ್, ಊರವರ ಬಾಯಲ್ಲಿ 'ಮ್ಯಾಡ್ ಜ್ಯಾಕ್'. ಹುಟ್ಟಿದ್ದು 1757, ಸತ್ತದ್ದು 1834, ಆದರೆ ಗೋರಿ ಕಟ್ಟಿಸಿಕೊಂಡದ್ದು 1811ರಲ್ಲೇ! ಒಳಗೆ ಟೋಪಿ ಹಾಕಿಕೊಂಡು, ಹುರಿದ ಕೋಳಿ, ವೈನ್ ಬಾಟಲಿ ಮುಂದಿಟ್ಟುಕೊಂಡು ಕುರ್ಚಿಯಲ್ಲಿ ಕೂತಿದ್ದಾನೆ ಅಂತ ತಲೆಮಾರುಗಳವರೆಗೆ ಜನ ನಂಬಿದ್ದರು. 1982ರಲ್ಲಿ ದುರಸ್ತಿಗೆ ಅಂತ ಒಳಗೆ ನೋಡಿದರೆ ಅದೆಲ್ಲಾ ಸುಳ್ಳು, ಎಲ್ಲರಂತೆ ನೆಲದಡಿ ಮಲಗಿದ್ದ.

ಈ ಮನುಷ್ಯ ಸಸೆಕ್ಸ್‌ನಿಂದ ಸಂಸತ್ತಿಗೆ ಹೋದವನು. 1810ರಲ್ಲಿ ಸ್ಪೀಕರ್‌ಗೇ ಬೈದು ಸದನದಿಂದ ಹೊರಗೆ ಹಾಕಿಸಿಕೊಂಡ. ತನ್ನ ಮನೆಯಿಂದ ಡಾಲಿಂಗ್ಟನ್ ಚರ್ಚಿನ ಶಿಖರ ಕಾಣುತ್ತದೆ ಅಂತ ಬಾಜಿ ಕಟ್ಟಿ, ಕಾಣಲ್ಲ ಅಂತ ಗೊತ್ತಾದಮೇಲೆ ಅಂಥದ್ದೇ ಮೊನಚು ಗೋಪುರವೊಂದನ್ನು ರಾತ್ರೋರಾತ್ರಿ ಕಟ್ಟಿಸಿದ ಅಂತ ಕಥೆ. ಗೋಪುರ ಈಗಲೂ ಹೊಲದ ನಡುವೆ ನಿಂತಿದೆ, ಹೆಸರು ಶುಗರ್ ಲೋಫ್. ಬೀಳುತ್ತಿದ್ದ ಬೋಡಿಯಂ ಕೋಟೆಯನ್ನು ಕೊಂಡು ಉಳಿಸಿದವನೂ ಇವನೇ. ಲಂಡನ್ನಿನ ವಿಜ್ಞಾನ ಸಂಸ್ಥೆ ರಾಯಲ್ ಇನ್‌ಸ್ಟಿಟ್ಯೂಷನ್‌ಗೆ ದುಡ್ಡು ಕೊಟ್ಟು ಪ್ರೊಫೆಸರ್ ಹುದ್ದೆ ಮಾಡಿಸಿದ, 1833ರಲ್ಲಿ ರಸಾಯನಶಾಸ್ತ್ರದ ಆ ಹುದ್ದೆಗೆ ಮೊದಲು ಕೂತವನು ಮೈಕೆಲ್ ಫ್ಯಾರಡೆ. ಇಷ್ಟೆಲ್ಲಾ ದುಡ್ಡು ಎಲ್ಲಿಂದ? ಕಬ್ಬಿಣದ ಕುಲುಮೆ, ಜಮೈಕಾದ ಕಬ್ಬಿನ ತೋಟ, ತೋಟದಲ್ಲಿ ಗುಲಾಮರು. ಸಂಸತ್ತಿನಲ್ಲಿ ಗುಲಾಮಗಿರಿಯ ಪರವಾಗಿ ಮಾತಾಡಿದವನು ಇವನು. ಜೋಕರ್ ಥರ ಇವನ ಕಥೆ ಹೇಳಿ ನಗುವವರು ಈ ಭಾಗ ಬಂದಾಗ ಬೇಗ ದಾಟಿಬಿಡುತ್ತಾರೆ. ನನಗೆ ಅದು ಸರಿ ಕಾಣಲ್ಲ.

ಬಟ್ಟೆಯ ಸುದ್ದಿ ಮಾತ್ರ ಇವನ ಬದುಕಿನಲ್ಲಿ ಎಲ್ಲೂ ಇಲ್ಲ. ಹೆಸರು ಫುಲ್ಲರ್, ಕೆಲಸ ಕಬ್ಬಿಣ. ಮಗನಿಗೆ ಅಪ್ಪನ ಕಸುಬೇ ಇರಬೇಕಿಲ್ಲ ಅಂತ ಆದಾಗಲೇ ಅಲ್ವಾ ಕಸುಬಿನ ಹೆಸರು ಮನೆತನದ ಹೆಸರಾಗೋದು. ಇಂಗ್ಲೆಂಡಿನ ದಕ್ಷಿಣದಲ್ಲಿ ಇದು ಮೊದಲು ಆಯಿತು, ಉತ್ತರದಲ್ಲಿ ನಿಧಾನ. ಸುಮಾರು 1400ರ ಹೊತ್ತಿಗೆ ಹೆಚ್ಚಿನ ಮನೆಗಳಲ್ಲಿ ಹೆಸರು ಅಪ್ಪನಿಂದ ಮಗನಿಗೆ ಇಳಿಯುತ್ತಿತ್ತು.

ಎಕ್ಸೆಟರ್‌ಗೆ ರೈಲಿನಲ್ಲಿ ಹೋದೆವು, ರೀಡಿಂಗ್‌ನಿಂದ ನೇರ ರೈಲಿದೆ. ಫೋರ್ ಸ್ಟ್ರೀಟ್ ಅನ್ನುವ ಇಳಿಜಾರು ಬೀದಿಯಲ್ಲಿ ಅಂಗಡಿ ಸಾಲಿನ ನಡುವೆ ಟಕ್ಕರ್ಸ್ ಹಾಲ್ ಇದೆ. ಗಮನಿಸದಿದ್ದರೆ ದಾಟಿ ಹೋಗುತ್ತೀರಿ. ನೇಕಾರರು, ಬಟ್ಟೆ ತುಳಿಯುವವರು, ಬಟ್ಟೆ ಕತ್ತರಿಸುವವರು ಸೇರಿಕೊಂಡ ಸಂಘ 1471ರಲ್ಲಿ ಇದನ್ನು ತಮ್ಮ ಪ್ರಾರ್ಥನಾ ಮಂದಿರ ಅಂತ ಕಟ್ಟಿತು. ಧರ್ಮದ ಗಾಳಿ ಬದಲಾದಮೇಲೆ ಸಭೆ ನಡೆಸುವ ಜಾಗ ಮಾಡಿಕೊಂಡರು. 1620ರಲ್ಲಿ ರಾಜ ಒಂದನೇ ಜೇಮ್ಸ್‌ನಿಂದ ಸನ್ನದು ಸಿಕ್ಕಿತು. ಸಂಘ ಇನ್ನೂ ಇದೆ, ಬಟ್ಟೆ ತುಳಿಯುವವರು ಇಲ್ಲ.

ಮಹಡಿ ಹತ್ತಿದರೆ ತಲೆ ಮೇಲೆ ದೋಣಿ ಮಗುಚಿಟ್ಟಂಥ ಓಕ್ ಮರದ ಚಾವಣಿ. ಗೋಡೆಗೆ 1630ರ ದಶಕದ ಕೆತ್ತನೆ ಹಲಗೆಗಳು, ಕೈ ಮುಟ್ಟಿ ಮುಟ್ಟಿ ಅಂಚು ಮಿರಮಿರ ಅನ್ನುತ್ತಿವೆ. ಅವರು ಬಳಸುತ್ತಿದ್ದ ಕತ್ತರಿ ನೋಡಿ ಅಕ್ಕನ ಮಗಳು ಬಾಯಿ ತೆರೆದಳು. ಅವಳಷ್ಟೇ ಉದ್ದ ಅಂದರೆ ಸ್ವಲ್ಪ ಜಾಸ್ತಿ ಹೇಳಿದ ಹಾಗಾದೀತು, ಆದರೆ ಅವಳ ಎದೆಯವರೆಗಂತೂ ಬರುತ್ತದೆ. ಅಂಥ ಕತ್ತರಿ 18 ಕಿಲೋ ಆಚೀಚೆ ತೂಗುತ್ತಿತ್ತು. ತುಳಿದು ದಪ್ಪ ಮಾಡಿದ ಬಟ್ಟೆಯ ಮೇಲೆ ಏಳುವ ಜುಂಜನ್ನು ಇದರಿಂದ ಸವರಿ ನುಣ್ಣಗೆ ಮಾಡಬೇಕು. ಆ ಕೆಲಸದವನಿಗೂ ಹೆಸರು ಬಂತು, ಶರ್ಮನ್. ಅಮೆರಿಕದ ಅಂತರ್ಯುದ್ಧದ ಸೇನಾಪತಿ ಶರ್ಮನ್ ಇದ್ದನಲ್ಲ, ಆ ಹೆಸರಿನ ಬುಡದಲ್ಲಿ ಇರೋದು ಈ ಕತ್ತರಿಯೇ.

1698ರಲ್ಲಿ ಸೀಲಿಯಾ ಫೈನ್ಸ್ ಎಂಬ ಮಹಿಳೆ ಕುದುರೆ ಏರಿ ಇಂಗ್ಲೆಂಡ್ ಸುತ್ತುತ್ತಾ ಈ ಊರಿಗೂ ಬಂದಿದ್ದಳು. ಆಗ ಎಕ್ಸೆಟರ್ ಸರ್ಜ್ ಅನ್ನುವ ಉಣ್ಣೆ ಬಟ್ಟೆಯ ದೊಡ್ಡ ಪೇಟೆ, ಮಾಲು ಹಾಲೆಂಡಿಗೆ, ಸ್ಪೇನಿಗೆ ಹೋಗುತ್ತಿತ್ತು. ಸುತ್ತಲಿನ ಹಳ್ಳಿಗಳಲ್ಲಿ ನೇಯ್ದದ್ದು ಇಲ್ಲಿಗೆ ಬಂದು ಉಚ್ಚೆಯಲ್ಲಿ ನೆನೆದು, ಸಾಬೂನು ಕಂಡು, ನೀರು ತಿರುಗಿಸುವ ಗಿರಣಿಗೆ ಹೋಗುವುದನ್ನು ಅವಳು ನಿಂತು ನೋಡಿದ್ದಾಳೆ. ಹಲ್ಲು ಹಲ್ಲಿನ ದೊಡ್ಡ ಮರದ ತುಂಡುಗಳು ಬಟ್ಟೆ ಮೇಲೆ ಬೀಳುವುದನ್ನು ಕಂಡು, ಇದರಿಂದ ಬಟ್ಟೆ ಹರಿಯಬೇಕಲ್ಲ, ಹರಿಯಲ್ಲವಲ್ಲ ಅಂತ ಆಶ್ಚರ್ಯ ಪಟ್ಟಿದ್ದಾಳೆ. ಡೆವನ್‌ನಲ್ಲಿ ಇಂಥ ಗಿರಣಿಗೆ ಟಕಿಂಗ್ ಮಿಲ್ ಅನ್ನುತ್ತಿದ್ದರು. ಕಾರ್ನ್‌ವಾಲ್‌ನ ಕ್ಯಾಂಬರ್ನ್ ಹತ್ತಿರ ಟಕಿಂಗ್‌ಮಿಲ್ ಅಂತ ಊರೇ ಇದೆ. ಟಕ್ಕರ್ ಅನ್ನುವ ಮಾತಿನ ಮೂಲ ಹಳೆಯ ಇಂಗ್ಲಿಷಿನಲ್ಲಿ ಹಿಂಸೆ ಕೊಡುವುದು. ಬಟ್ಟೆಗೆ ಅವರು ಕೊಡುತ್ತಿದ್ದದ್ದು ಅದನ್ನೇ.

ಎಕ್ಸೆಟರ್‌ನಲ್ಲಿ ಮಳೆ. ಹೋಟೆಲಿನಲ್ಲಿ ಒದ್ದೆ ಕಾಲುಚೀಲ ಹೀಟರ್ ಮೇಲೆ ಒಣಹಾಕಿ ಮಲಗಿದ್ದು ಬಿಟ್ಟರೆ ಆ ಊರಿನಲ್ಲಿ ಬೇರೆ ಹೇಳುವಂಥದ್ದು ಆಗಲಿಲ್ಲ.

ಉತ್ತರಕ್ಕೆ ಮತ್ತೆ ಕಾರು. ಮೋಟರ್‌ವೇ ಬಗ್ಗೆ ಏನು ಬರೆಯೋದು, ಎಲ್ಲಾ ಕಡೆ ಒಂದೇ ಥರ. ಲ್ಯಾಂಕಾಶೈರ್‌ನ ಹೆಲ್ಮ್‌ಶೋರ್ ತಲುಪಿದಾಗ ಬೆಟ್ಟದ ಮೇಲೆ ಮೋಡ ಕೂತಿತ್ತು. ಇಲ್ಲಿ ಹೈಯರ್ ಮಿಲ್ ಅನ್ನುವ ಗಿರಣಿ ಇದೆ, 1789ರಲ್ಲಿ ಕಟ್ಟಿದ್ದು, ಬಟ್ಟೆ ತುಳಿಯುವುದಕ್ಕೇ ಕಟ್ಟಿದ್ದು. ಈಗ ಮ್ಯೂಸಿಯಂ. ಇದು ನೋಡದೆ ವಾಕರ್ ಅರ್ಥ ಆಗಲ್ಲ. ವರ್ಷವಿಡೀ ತೆರೆದಿರಲ್ಲ, ತೆರೆದ ತಿಂಗಳುಗಳಲ್ಲೂ ಎಲ್ಲಾ ದಿನ ಇರಲ್ಲ, ನೋಡಿಕೊಂಡು ಹೋಗಿ.

ನೆಲಮಹಡಿಯಲ್ಲಿ ಮರದ ಸುತ್ತಿಗೆಗಳ ಸಾಲು. ಸುತ್ತಿಗೆ ಅಂದರೆ ಕೈಯಲ್ಲಿ ಹಿಡಿಯುವಂಥದ್ದಲ್ಲ. ಒಂದೊಂದರ ತಲೆಯೂ ಮನುಷ್ಯ ಅಪ್ಪಿ ಹಿಡಿಯುವಷ್ಟು ದಪ್ಪ. ಅದರ ಮುಖದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಚ್ಚು ಕೊಚ್ಚಿದ್ದಾರೆ. ಎದುರಿಗೆ ದುಂಡಗೆ ಬಳುಕಿದ ತೊಟ್ಟಿ. ನೀರಿನ ಚಕ್ರ ತಿರುಗಿದರೆ ಅದರ ದಂಡಕ್ಕೆ ಕಟ್ಟಿದ ಗೂಟಗಳು ಸುತ್ತಿಗೆಯ ಬಾಲ ಎತ್ತಿ ಬಿಡುತ್ತವೆ, ಸುತ್ತಿಗೆ ತನ್ನ ಭಾರಕ್ಕೆ ತಾನೇ ಬಿದ್ದು ಬಟ್ಟೆಯ ಉಂಡೆಯನ್ನು ಗುದ್ದುತ್ತದೆ. ತೊಟ್ಟಿ ದುಂಡಗಿರುವುದರಿಂದ ಪ್ರತಿ ಗುದ್ದಿಗೂ ಉಂಡೆ ಸ್ವಲ್ಪ ಹೊರಳುತ್ತದೆ, ಹಾಗಾಗಿ ಒಂದೇ ಜಾಗಕ್ಕೆ ಏಟು ಬೀಳಲ್ಲ. ಕಾಲಿನ ಕೆಲಸವನ್ನು ಹೂಬೇಹೂಬು ಮರಕ್ಕೆ ಕಲಿಸಿದ್ದಾರೆ. ಆ ಸುತ್ತಿಗೆ ತಲೆಯ ಕೆಳತುದಿ ನೋಡಿದರೆ ಹಿಮ್ಮಡಿ ಥರವೇ ಇದೆ.

ಚಕ್ರ ಅವತ್ತು ತಿರುಗುತ್ತಿರಲಿಲ್ಲ. ಅಲ್ಲಿದ್ದ ಹಿರಿಯ ಸ್ವಯಂಸೇವಕರೊಬ್ಬರು ಎರಡೂ ಮುಷ್ಟಿ ಕಟ್ಟಿ ಗಾಳಿಯಲ್ಲಿ ಗುದ್ದಿ ತೋರಿಸಿದರು. ಈ ಗಿರಣಿ 1960ರ ದಶಕದವರೆಗೂ ಕೆಲಸ ಮಾಡಿದೆ. ಉಚ್ಚೆ ಎಲ್ಲಿಂದ ತರುತ್ತಿದ್ದರು ಅಂತ ಅಕ್ಕನ ಮಗಳು ಕೇಳಿಯೇ ಬಿಟ್ಟಳು. "ನಿಮ್ಮ ಮನೆಯಿಂದಲೇ ಅಮ್ಮಾ" ಅಂದರು ಅವರು. ಮನೆ ಮುಂದೆ ಗಡಿಗೆ ಇಟ್ಟರೆ ಬಂದು ತುಂಬಿಕೊಂಡು ಹೋಗುತ್ತಿದ್ದರು. ಹಳಸಿದ ಉಚ್ಚೆಗೆ ಈ ಕಡೆ ಲ್ಯಾಂಟ್ ಅಂತ ಬೇರೆಯೇ ಹೆಸರು. ಹೆಂಡ ಮುಟ್ಟದ ಮೆಥಡಿಸ್ಟ್ ಪಂಥದ ಕ್ರೈಸ್ತರ ಉಚ್ಚೆಗೆ ಜಾಸ್ತಿ ಬೆಲೆ ಅಂತ ಇಲ್ಲಿನವರು ಒಂದು ಮಾತು ಹೇಳಿ ನಗುತ್ತಾರೆ, ತಮಾಷೆ ಅಂತಲೇ ಇಟ್ಟುಕೊಳ್ಳಿ.

ನೀರಿನ ಗಿರಣಿ ಹೊಸದೇನಲ್ಲ. ಇಂಗ್ಲೆಂಡಿನಲ್ಲಿ ಬಟ್ಟೆ ತುಳಿಯುವ ಗಿರಣಿಯ ಮೊದಲ ದಾಖಲೆ 1185ರದ್ದು. ಟೆಂಪ್ಲರ್ ಅನ್ನುವ ಕ್ರೈಸ್ತ ಯೋಧರ ಪಂಥದವರ ಆಸ್ತಿ ಪಟ್ಟಿಯಲ್ಲಿ ಯಾರ್ಕ್‌ಶೈರ್‌ನ ನ್ಯೂಸಂನಲ್ಲಿ ಒಂದು, ಗ್ಲಾಸ್ಟರ್‌ಶೈರ್ ಕಡೆ ಒಂದು ಬರುತ್ತದೆ. ಅಂದರೆ ವಾಕರ್ ಅನ್ನುವುದು ಮನೆತನದ ಹೆಸರಾಗಿ ಗಟ್ಟಿಯಾಗುವ ಹೊತ್ತಿಗೆ ಎಷ್ಟೋ ವಾಕರ್‌ಗಳು ತುಳಿಯುವುದನ್ನು ಬಿಟ್ಟು ಗಿರಣಿ ನೋಡಿಕೊಳ್ಳುವವರಾಗಿದ್ದರು. 1379ರ ತಲೆಗಂದಾಯದ ಪಟ್ಟಿ ಯಾರ್ಕ್‌ಶೈರ್‌ನ ವೆಸ್ಟ್ ರೈಡಿಂಗ್‌ನದ್ದು ಉಳಿದಿದೆ. ಅದರಲ್ಲಿ ಹಳ್ಳಿ ಹಳ್ಳಿಯ ಹೆಸರು ಬರೆದಿದ್ದಾರೆ, ಕಸುಬೂ ಹೆಸರೂ ಇನ್ನೂ ಪೂರ್ತಿ ಬೇರೆಯಾಗದ ಕಾಲದ್ದು.

ಹೆಲ್ಮ್‌ಶೋರ್‌ನಿಂದ ಬರ್ನ್ಲಿಗೆ ಹೋಗಿ, ಅಲ್ಲಿಂದ ಎ646 ರಸ್ತೆ ಹಿಡಿದರೆ ಟಾಡ್ಮಾರ್ಡನ್, ಹೆಬ್ಡನ್ ಬ್ರಿಡ್ಜ್ ದಾಟಿ ಹ್ಯಾಲಿಫ್ಯಾಕ್ಸ್. ಕಿರಿದಾದ ಕಣಿವೆ, ಎರಡೂ ಕಡೆ ಕಪ್ಪು ಕಲ್ಲಿನ ಮನೆಗಳು, ಮೇಲೆ ಮರವಿಲ್ಲದ ಬಯಲು ಗುಡ್ಡ. ಬರ್ನ್ಲಿ ಬಿಟ್ಟ ಸ್ವಲ್ಪ ಹೊತ್ತಿಗೇ ವಾಕ್ ಮಿಲ್ ಅಂತ ಊರಿನ ಬೋರ್ಡು. "ನೋಡಪ್ಪಾ, ನಿಮ್ಮೂರು ಬಂತು" ಅಂದರು ಭಾವ. ಇಳಿದು ಬೋರ್ಡಿನ ಫೋಟೊ ತೆಗೆದೆ, ಅಷ್ಟೇ.

ದಾರಿಯಲ್ಲಿ ಭಾವ ಒಂದು ಒಳ್ಳೆ ಪ್ರಶ್ನೆ ಕೇಳಿದರು. "ಅಲ್ಲಯ್ಯಾ, ಈ ಕಣಿವೆಯಲ್ಲಿ ಮನೆಮನೆಗೂ ಮಗ್ಗ ಇತ್ತು ಅಂತೀಯ. ಹಾಗಿದ್ಮೇಲೆ ನೇಕಾರ ಅನ್ನೋ ಹೆಸರೇ ಜಾಸ್ತಿ ಇರಬೇಕಿತ್ತಲ್ಲ?" ಇಲ್ಲ. ವೆಬ್‌ಸ್ಟರ್, ವೆಬ್, ವೀವರ್ ಮೂರೂ ನೇಕಾರನ ಹೆಸರುಗಳೇ, ಆದರೆ ಅದರಲ್ಲಿ ಯಾವುದೂ ವಾಕರ್‌ನ ಹತ್ತಿರಕ್ಕೆ ಬರಲ್ಲ. 19ನೇ ಶತಮಾನದ ನಡುವೆ ಇಂಗ್ಲೆಂಡ್ ಮತ್ತು ವೇಲ್ಸಿನ ಹೆಸರುಗಳನ್ನು ಎಣಿಸಿದಾಗ ವಾಕರ್ ಮೊದಲ ಇಪ್ಪತ್ತರೊಳಗಿತ್ತು. ಅಮೆರಿಕದ 2010ರ ಜನಗಣತಿಯಲ್ಲಿ 28ನೇ ಸ್ಥಾನ, 5 ಲಕ್ಷಕ್ಕೂ ಜಾಸ್ತಿ ಜನ. ಅಧ್ಯಕ್ಷರಾಗಿದ್ದ ಬುಷ್ ಅಪ್ಪ, ಮಗ ಇಬ್ಬರ ಹೆಸರಿನ ನಡುವೆಯೂ ಒಂದು ವಾಕರ್ ಇದೆ.

ನನಗೆ ಅನಿಸುವುದು ಇದು. ಮನೆಮನೆಗೂ ಮಗ್ಗ ಇದ್ದರೆ ನೇಕಾರ ಅಂತ ಕರೆದು ಯಾರನ್ನು ಗುರುತು ಹಿಡಿಯೋದು? ತುಳಿಯುವ ಗಿರಣಿ ಹಳ್ಳಿಗೆ ಒಂದೋ, ನಾಲ್ಕು ಹಳ್ಳಿಗೆ ಒಂದೋ. ಗಿರಣಿಯ ಜಾನ್ ಅಂದರೆ ಅವನೊಬ್ಬನೇ. ಧಾರವಾಡ, ಗದಗ ಕಡೆಯ ಅಡ್ಡಹೆಸರು ನೋಡಿ: ಬಡಿಗೇರ, ಕಂಬಾರ, ಪತ್ತಾರ, ಹೂಗಾರ. ಊರಿಗೆ ಒಂದೆರಡು ಮನೆ ಇರುವ ಕಸುಬುಗಳು. ಊರೆಲ್ಲಾ ಮಾಡುತ್ತಿದ್ದದ್ದು ಬೇಸಾಯ, ಆದರೆ ರೈತ ಅನ್ನುವ ಅಡ್ಡಹೆಸರು ಎಷ್ಟು ಕಂಡಿದ್ದೀರಿ? ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೂಂ, ಇದು ಒಪ್ಪಬಹುದು" ಅಂದರು. ಇಡೀ ಪ್ರವಾಸದಲ್ಲಿ ಅವರು ಒಪ್ಪಿದ್ದು ಇದೊಂದೇ.

ಆದರೆ ಹೀಗೆ ಎಲ್ಲಾ ಹಳ್ಳಿಯಲ್ಲೂ ಬೇರೆ ಬೇರೆಯಾಗಿ ಹುಟ್ಟಿದ ಹೆಸರಿಗೆ ಒಂದು ತಾಪತ್ರಯ ಇದೆ. ಇಬ್ಬರು ವಾಕರ್ ಸಿಕ್ಕರೆ ನೆಂಟರು ಅನ್ನೋ ಹಾಗಿಲ್ಲ. ಇದರ ಎದುರುಬದಿ ನೋಡಬೇಕಾದರೆ ಹೆಬ್ಡನ್ ಬ್ರಿಡ್ಜ್ ಮೇಲಿನ ಗುಡ್ಡ ಹತ್ತಿ ಹೆಪ್ಟನ್‌ಸ್ಟಾಲ್‌ಗೆ ಹೋಗಿ. ಏರು ಎಂಥದ್ದು ಅಂದರೆ ಅಕ್ಕ ಅರ್ಧದಲ್ಲೇ ಕಲ್ಲುಕಟ್ಟೆ ಮೇಲೆ ಕೂತು, "ನೀವು ಹೋಗಿ ಬನ್ನಿ, ನಾನು ಇಲ್ಲೇ ಕಣಿವೆ ನೋಡ್ತೀನಿ" ಅಂದಳು. ಮೇಲೆ ಹಳೆ ಚರ್ಚು ಛಾವಣಿಯಿಲ್ಲದೆ ನಿಂತಿದೆ, 1847ರ ಬಿರುಗಾಳಿಗೆ ಹಾಳಾದದ್ದು. ಅಂಗಳದ ತುಂಬ ಗೋರಿಕಲ್ಲುಗಳನ್ನು ಹಾಸುಗಲ್ಲಿನಂತೆ ಮಲಗಿಸಿದ್ದಾರೆ. ಮೆಟ್ಟದೆ ದಾಟೋದಕ್ಕೆ ಆಗಲ್ಲ. ಓದುತ್ತಾ ಹೋದರೆ ಗ್ರೀನ್‌ವುಡ್, ಸಟ್‌ಕ್ಲಿಫ್, ಮತ್ತೆ ಗ್ರೀನ್‌ವುಡ್. ಗ್ರೀನ್‌ವುಡ್ ಅನ್ನುವುದು ಇದೇ ಊರ ಮಗ್ಗುಲಿನ ಒಂದು ಜಾಗದ ಹೆಸರಿನಿಂದ ಬಂದದ್ದು. ಒಂದು ಜಾಗ, ಒಂದು ಮನೆತನ, ಅಲ್ಲಿಂದ ಕಣಿವೆ ತುಂಬ.

ಲೆಸ್ಟರ್ ವಿಶ್ವವಿದ್ಯಾಲಯದವರು ಇದನ್ನು ಡಿಎನ್‌ಎಯಲ್ಲೇ ಪರೀಕ್ಷೆ ಮಾಡಿದ್ದಾರೆ. 2009ರಲ್ಲಿ ಬಂದ ಅವರ ಅಧ್ಯಯನದಲ್ಲಿ 40 ಹೆಸರುಗಳ ಗಂಡಸರ ವೈ ಕ್ರೋಮೋಸೋಮ್, ಅಂದರೆ ಅಪ್ಪನಿಂದ ಮಗನಿಗೆ ಮಾತ್ರ ಇಳಿಯುವಂಥದ್ದನ್ನು, ನೋಡಿದರು. ಸ್ಮಿತ್ ಅನ್ನುವವರು ದಾರಿಯಲ್ಲಿ ಸಿಕ್ಕ ಯಾರಿಗೆ ಎಷ್ಟು ನೆಂಟರೋ ಸ್ಮಿತ್‌ಗಳಿಗೂ ಅಷ್ಟೇ ನೆಂಟರು. ಅಟೆನ್‌ಬರೋನಂಥ ಅಪರೂಪದ ಹೆಸರಿನವರಲ್ಲಿ ಮಾತ್ರ ಹತ್ತರಲ್ಲಿ ಎಂಟಕ್ಕೂ ಜಾಸ್ತಿ ಜನ ಒಂದೇ ಮೂಲದವರು. ವಾಕರ್ ಮನೆಯವರು ವಂಶವೃಕ್ಷ ಹುಡುಕಲು ಹೊರಟರೆ ಅವರ ಪಾಡು ಸ್ಮಿತ್‌ಗಳ ಪಾಡೇ.

ಹ್ಯಾಲಿಫ್ಯಾಕ್ಸ್‌ನ ಪೀಸ್ ಹಾಲ್ ತಲುಪಿದಾಗ ಮಧ್ಯಾಹ್ನ ದಾಟಿತ್ತು. 1779ರ ಜನವರಿ 1ರಂದು ಶುರುವಾದ ಬಟ್ಟೆ ಪೇಟೆ. ನಡುವೆ ದೊಡ್ಡ ಅಂಗಳ, ಸುತ್ತ ಕಂಬಸಾಲಿನ ಹಿಂದೆ 315 ಕೋಣೆ. ಮನೆಯಲ್ಲಿ ನೇಯ್ದ ಒಂದೊಂದು ಥಾನನ್ನು ಹೊತ್ತು ತಂದು ಇಲ್ಲಿ ಮಾರುತ್ತಿದ್ದರು. ಈಗ ಕೆಫೆ, ಬಟ್ಟೆ ಅಂಗಡಿ, ಸೋಪಿನ ಅಂಗಡಿ. ದುಬಾರಿ, ಆದರೆ ಕಟ್ಟಡ ನೋಡಲು ಕಾಸು ಕೊಡಬೇಕಿಲ್ಲ. ಊರಾಚೆ ಶಿಬ್ಡನ್ ಹಾಲ್ ಇದೆ, ದಿನಚರಿಯ ಒಂದು ಭಾಗವನ್ನು ಗುಟ್ಟಿನ ಲಿಪಿಯಲ್ಲಿ ಬರೆದ ಆನ್ ಲಿಸ್ಟರ್ ಇದ್ದ ಮನೆ. ಲಿಸ್ಟರ್ ಅಂದರೂ ಬಟ್ಟೆ ಕಸುಬಿನ ಹೆಸರೇ, ಬಣ್ಣ ಹಾಕುವವನು. ಸಮಯ ಇರಲಿಲ್ಲ, ಬಿಟ್ಟೆವು.

ಗಿಬೆಟ್ ಸ್ಟ್ರೀಟ್ ಬಿಡಲಿಲ್ಲ. ತುಳಿದ ಬಟ್ಟೆ ಕುಗ್ಗಿರುತ್ತದಲ್ಲ, ಅದನ್ನು ಬಯಲಿನಲ್ಲಿ ಮರದ ಚೌಕಟ್ಟಿಗೆ ಕೊಕ್ಕೆಗಳಿಂದ ಎಳೆದು ಕಟ್ಟಿ ಒಣಗಿಸುತ್ತಿದ್ದರು. ರಾತ್ರಿ ಹೊತ್ತು ಅಲ್ಲೇ ಇರುತ್ತಿತ್ತು. ಕದಿಯುವವರಿಗೆ ಸುಲಭ. ಅದಕ್ಕೇ ಈ ಊರಿನಲ್ಲಿ ಹದಿಮೂರೂವರೆ ಪೆನ್ನಿ ಬೆಲೆಯ ಮಾಲು ಕದ್ದರೂ ತಲೆ ಹೋಗುತ್ತಿತ್ತು. ಎರಡು ಕಂಬ, ನಡುವೆ ಜಾರುವ ಕೊಡಲಿ, ಇದೇ ಗಿಬೆಟ್, ಫ್ರಾನ್ಸಿನ ಗಿಲೊಟಿನ್‌ಗಿಂತ ಎಷ್ಟೋ ಹಳೆಯದು. 1541ರಿಂದ 1650ರವರೆಗೆ ದಾಖಲಾದವರೇ 50ಕ್ಕೂ ಜಾಸ್ತಿ. ಕೊನೆಯ ಇಬ್ಬರನ್ನು ಕೊಂದದ್ದು 1650ರಲ್ಲಿ, ಕದ್ದದ್ದು ಬಟ್ಟೆ ಮತ್ತು ಕುದುರೆ. ಈಗ ಅಲ್ಲಿರುವುದು ನಕಲು, ಅಸಲಿ ಕೊಡಲಿ ಬ್ಯಾಂಕ್‌ಫೀಲ್ಡ್ ಮ್ಯೂಸಿಯಂನಲ್ಲಿದೆ.

ಅಕ್ಕನ ಮಗಳು ಅದರ ಮುಂದೆ ನಿಂತು, "ಮಾಮ, ತಲೆ ಕಡಿಯೋನ ಹೆಸರಿನವರೂ ನಮ್ಮ ಸ್ಕೂಲಲ್ಲಿ ಇರ್ತಾರಾ?" ಅಂದಳು. ಹ್ಯಾಲಿಫ್ಯಾಕ್ಸ್‌ನವರು ಅದಕ್ಕೆ ಜಾಗವೇ ಕೊಟ್ಟಿರಲಿಲ್ಲ. ಕೊಡಲಿ ಬೀಳಿಸುವ ಹಗ್ಗವನ್ನು, ನೆರೆದ ಜನರೆಲ್ಲಾ ಒಟ್ಟಿಗೆ ಹಿಡಿಯುತ್ತಿದ್ದರಂತೆ, ಕದ್ದದ್ದು ದನವೋ ಕುದುರೆಯೋ ಆಗಿದ್ದರೆ ಹಗ್ಗವನ್ನು ಆ ಪ್ರಾಣಿಗೇ ಕಟ್ಟಿ ಹೊಡೆಯುತ್ತಿದ್ದರಂತೆ. ಆ ಕೆಲಸ ಯಾವೊಬ್ಬನದ್ದೂ ಆಗಿರಲಿಲ್ಲ.